ಹಾಜರಿ ಪುಸ್ತಕದಲ್ಲಿ ಇಲ್ಲದ ಒಂದೂವರೆ ತಾಸು

ನಮ್ಮ ಕಾರ್ಮಿಕ ಸಂಘದ ಕಚೇರಿಗೆ ಹೊಸದಾಗಿ ಸೇರಿದ ತರುಣರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಬರುವ ಮೊದಲೇ ಕೇಳುತ್ತಾರೆ, "ರಾಯರೇ, ಇದು ಕಾನೂನಿನ ಯಾವ ಕಲಮಿಗೆ ಬರುತ್ತದೆ?" ನಾನು ಹೇಳುತ್ತೇನೆ. ಅವರು ಬರೆದುಕೊಂಡು ಸೈಕಲ್ ಹತ್ತಿ ಹೋಗುತ್ತಾರೆ. ಅವರು ಹೋದ ಮೇಲೆ ನನಗೆ ಒಂದು ಬಗೆಯ ಅಸಮಾಧಾನ. ಕಲಮು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆ ಪುಸ್ತಕವನ್ನು ಗಿರಣಿಯ ಬಾಗಿಲೊಳಗೆ ತರಲು ಏನೇನು ಪಡಬೇಕಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಿಬಿಡುತ್ತೇನೆ, ನನಗೆ ವಯಸ್ಸಾಗಿದೆ.

ಗುಮಾಸ್ತನಾಗಿದ್ದೆ, ಕೆಲಸ ಕಳೆದುಕೊಂಡೆ, ಮರದ ಕೆಳಗೆ ಕೂತು ಅರ್ಜಿ ಬರೆದೆ, ಕೊನೆಗೆ ಸಂಘದ ಕಾರ್ಯದರ್ಶಿಯಾಗಿ ನಿವೃತ್ತನಾದೆ. ಈ ಮೆಟ್ಟಿಲುಗಳನ್ನು ಹೇಗೆ ಹತ್ತಿದೆ ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಬರೆದ ಒಂದು ಸುಳ್ಳಿನಿಂದ ಶುರು ಮಾಡುತ್ತೇನೆ.

ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೊಸಪೇಟೆಯಿಂದ ಮಲಪನಗುಡಿಗೆ ಹೋಗುವ ದಾರಿಯಲ್ಲಿ ಒಂದು ಹತ್ತಿ ಗಿರಣಿ. ಇವತ್ತು ಅದರ ಗೋಡೆ ಕೂಡ ಉಳಿದಿಲ್ಲ, ಹೆಸರು ಹೇಳಿ ಏನು ಮಾಡುವುದು? ಬಂಡಿಗಳಲ್ಲಿ ಬಂದ ಹತ್ತಿಯನ್ನು ಯಂತ್ರಗಳಿಗೆ ಉಣಿಸಿ ಅರಳೆ ಬೇರೆ, ಕಾಳು ಬೇರೆ ಮಾಡುವ ಕೆಲಸ. ಉಣಿಸುವವರೆಲ್ಲ ಹೆಣ್ಣುಮಕ್ಕಳು. ಮಲಪನಗುಡಿಯಿಂದ, ಕಡ್ಡಿರಾಂಪುರದಿಂದ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿಕೊಂಡು ನಡೆದು ಬರುತ್ತಿದ್ದರು. ಸುಗ್ಗಿ ಬೇಸಿಗೆಯಲ್ಲಿ, ಮೇಲೆ ತಗಡಿನ ಮಾಡು, ಒಳಗೆ ಎಂಜಿನ್ನಿನ ಕಾವು, ಉಸಿರಾಡಿದರೆ ಮೂಗಿನೊಳಗೆ ಅರಳೆಯ ಧೂಳು. ಸಂಜೆ ಹೊರಗೆ ಬಂದಾಗ ಎಲ್ಲರ ಹುಬ್ಬುಗಳೂ ಬೆಳ್ಳಗೆ, ಹದಿನೆಂಟರ ಹುಡುಗಿಯೂ ಮುದುಕಿಯಂತೆ ಕಾಣುತ್ತಿದ್ದಳು.

ನಾನು ಅಲ್ಲಿ ಹಾಜರಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆಯುವುದು ನನ್ನ ಕೆಲಸ. ಕೆಲಸ ಕೊಡಿಸಿದವರು ಮ್ಯಾನೇಜರ್ ಶೇಷಗಿರಿರಾಯರು, ನನ್ನ ಹೆಂಡತಿ ಸುಭದ್ರೆಗೆ ಸೋದರಮಾವ. ಅವರು ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ಏಕಾದಶಿ ತಪ್ಪಿಸಿದವರಲ್ಲ, ಮನೆಗೆ ಬಂದವರನ್ನು ಉಪವಾಸ ಕಳಿಸಿದವರಲ್ಲ. ಗಿರಣಿಯ ಬಾಗಿಲು ದಾಟಿದ ಕೂಡಲೇ ಮಾತ್ರ ಅವರಿಗೆ ಮನುಷ್ಯರು ಕಾಣುತ್ತಿರಲಿಲ್ಲ, ಅರಳೆಯ ಮೂಟೆಗಳು ಕಾಣುತ್ತಿದ್ದವು.

ಬಾಗಿಲಿನ ಪಕ್ಕದಲ್ಲಿ, ಗೋಡೆಯ ಮೇಲೆ, ಕಾರ್ಖಾನೆ ಕಾನೂನಿನ ಸಾರಾಂಶದ ಎರಡು ಹಾಳೆಗಳನ್ನು ತೂಗುಹಾಕಿದ್ದರು. ಹಾಗೆ ಹಾಕಬೇಕೆಂದು ಕಾನೂನೇ ಹೇಳುತ್ತಿತ್ತು. ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ತಮಿಳಿನಲ್ಲಿ. ನಮ್ಮ ಗಿರಣಿಯಲ್ಲಿ ತಮಿಳು ಓದಬಲ್ಲವನು ಎಂಜಿನ್ ಓಡಿಸುವವನೊಬ್ಬನೇ, ಅವನಿಗೂ ಕಣ್ಣು ಮಂದ. ಒಂದು ದಿನ ಮಲಪನಗುಡಿಯ ಹುಲಿಗೆವ್ವ ನನ್ನ ಮೇಜಿನ ಮುಂದೆ ನಿಂತು ಕೇಳಿದಳು:

"ರಾಯ್ರೇ, ಆ ಹಾಳ್ಯಾಗ ಏನ್ ಬರದೈತ್ರಿ?"

"ಸರ್ಕಾರದ್ದು. ನಿನಗೇನೂ ಸಂಬಂಧ ಇಲ್ಲ, ಹೋಗು."

ದಿನಕ್ಕೆ ಹನ್ನೊಂದು ತಾಸಿಗಿಂತ ಹೆಚ್ಚು ದುಡಿಸಬಾರದು, ಹೆಣ್ಣುಮಕ್ಕಳನ್ನು ಸಂಜೆ ಏಳರ ನಂತರ ಯಂತ್ರದ ಮುಂದೆ ನಿಲ್ಲಿಸಬಾರದು, ತಿರುಗುವ ಗಾಲಿಗಳಿಗೆ ಮುಚ್ಚಳ ಇರಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು. ನಾನು ಇಂಗ್ಲಿಷ್ ಹಾಳೆಯನ್ನು ಪೂರ್ತಿ ಓದಿದ್ದೆ. ಓದಿಯೇ ಹಾಗೆ ಹೇಳಿದ್ದೆ.

ಸುಳ್ಳು ಬರೆಯುವುದು ಶುರುವಾದದ್ದು ಕಾರ್ಖಾನೆ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂದಾಗ. ಮಾವ ನನ್ನನ್ನು ತಮ್ಮ ಕೋಣೆಗೆ ಕರೆದು ಹೊಸ ಹಾಜರಿ ಪುಸ್ತಕ ಮುಂದಿಟ್ಟರು. ನನ್ನ ಹೆಸರನ್ನು ಮೊಟಕು ಮಾಡಿ ವಾದಿ ಎಂದೇ ಅವರು ಕರೆಯುತ್ತಿದ್ದರು.

"ವಾದಿ, ಎಲ್ಲಾರೂ ಆರು ಗಂಟೇಕ್ಕ ಹೊರಗ ಹೋದ್ರು ಅಂತ ಬರಿ. ಹಳೇ ತಾರೀಖಿಂದನೂ ಹಂಗ ಬರಕೊಂಡು ಬಾ."

"ಮಾಮಾ, ಏಳೂವರಿ ತನಕಾ ಎಂಜಿನ್ ನಡೀತೈತಿ. ಊರಿಗೇ ಕೇಳಸ್ತೈತಿ."

"ಊರಿಗೆ ಕೇಳಿಸಿದ್ರ ಏನಾತು? ಪುಸ್ತಕದಾಗ ಕೇಳಿಸಬಾರ್ದು, ಅಷ್ಟ."

ಬರೆದೆ. ಎರಡು ದಿನ ಕೂತು, ಬೇರೆ ಬೇರೆ ಮಸಿ ಬಳಸಿ, ಹಳೆಯದಾಗಿ ಕಾಣುವಂತೆ ಬರೆದೆ. ನನ್ನ ಅಕ್ಷರ ಚೆನ್ನಾಗಿತ್ತು. ಇನ್ಸ್‌ಪೆಕ್ಟರು ಬಂದಾಗ ಅವರನ್ನು ಮೊದಲು ಹಂಪಿಗೆ ಕರೆದೊಯ್ಯುವ ಕೆಲಸವೂ ನನಗೇ ಬಂತು. ಆ ಮನುಷ್ಯನಿಗೆ ಹಳೆಯ ಗುಡಿಗಳ ಹುಚ್ಚು; ಲಂಚ ಮುಟ್ಟಿದವರಲ್ಲ. ಕಲ್ಲಿನ ರಥದ ಮುಂದೆ ಒಂದು ತಾಸು ನಿಂತರು, ಬಾಳೆತೋಟಗಳ ನಡುವೆ ಚಿತ್ರ ಬರೆದುಕೊಂಡರು. ನಾವು ಟಾಂಗಾದಲ್ಲಿ ಕಡ್ಡಿರಾಂಪುರ ದಾಟಿ ವಾಪಸಾಗುವ ಹೊತ್ತಿಗೆ ಸಂಜೆ ಐದೂವರೆ. ಆರಕ್ಕೆ ಸರಿಯಾಗಿ ಸೀಟಿ ಊದಿತು, ಹೆಣ್ಣುಮಕ್ಕಳು ಸಾಲಾಗಿ ಹೊರಗೆ ಹೋದರು. ಇನ್ಸ್‌ಪೆಕ್ಟರು ನನ್ನ ಪುಸ್ತಕ ನೋಡಿ "ಬಹಳ ಅಚ್ಚುಕಟ್ಟು" ಎಂದು ಸಹಿ ಹಾಕಿದರು. ಅವರು ಬಳ್ಳಾರಿಯ ರೈಲು ಹತ್ತಿದ ಮರುದಿನವೇ ಎಂಜಿನ್ ಮತ್ತೆ ಏಳೂವರೆಯವರೆಗೆ ಓಡಿತು. ಪುಸ್ತಕದಲ್ಲಿ ಆರು ಎಂದೇ ಬರೆಯುತ್ತ ಹೋದೆ. ಮೊದಲ ದಿನ ಬರೆಯುವ ಮುಂಚೆ ಬಾಗಿಲ ಕಡೆ ನೋಡಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೂ ನಿಂತಿತು.

ಆ ವರ್ಷ ಹತ್ತಿ ಬಹಳ ಬಂದಿತ್ತು. ಯಂತ್ರದ ಹಲ್ಲುಗಾಲಿಗಳಿಗೆ ಕಬ್ಬಿಣದ ಜಾಲರಿಯ ಮುಚ್ಚಳ ಇರುತ್ತಿತ್ತು. ಅದರೊಳಗೆ ಅರಳೆ ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಿ, ಮುಚ್ಚಳ ಬಿಚ್ಚಿ, ತೆಗೆಯಬೇಕು. ಹೊತ್ತು ಹಾಳಾಗುತ್ತದೆಂದು ಮಾವ ಮುಚ್ಚಳಗಳನ್ನೇ ಬಿಚ್ಚಿಸಿ ಉಗ್ರಾಣದ ಹಿಂದೆ ಒಗೆಸಿದರು. ಒಂದು ಸಂಜೆ ಏಳು ದಾಟಿತ್ತು, ಆಗಷ್ಟೇ ಕಂದೀಲು ಹಚ್ಚಿದ್ದರು. ಹುಲಿಗೆವ್ವ ಸಿಕ್ಕಿಕೊಂಡ ಅರಳೆಯನ್ನು ಎಳೆಯಲು ಬಗ್ಗಿದಳು. ಸೆರಗು ಗಾಲಿಗೆ ಸಿಕ್ಕಿತು, ಅದನ್ನು ಬಿಡಿಸಿಕೊಳ್ಳಲು ಬಲಗೈ ಹಾಕಿದಳು.

ಎಂಜಿನ್ ಸದ್ದಿನಲ್ಲಿ ಅವಳ ಕೂಗು ನನಗೆ ಕೇಳಿಸಲಿಲ್ಲ. ಹೆಂಗಸರು ಓಡುವುದು ಕಂಡು ಒಳಗೆ ಹೋದೆ. ಪಕ್ಕದ ಯಂತ್ರದ ಈರವ್ವ ಗಾಲಿ ತಿರುಗಿಸುವ ಪಟ್ಟಾ ಕಿತ್ತು ಬಿಸಾಡಿ ಅದನ್ನು ನಿಲ್ಲಿಸಿದ್ದಳು. ಬಿಳಿಯ ಅರಳೆಯ ರಾಶಿ ಕೆಂಪಾಗಿತ್ತು. ನಾನೂ ಈರವ್ವನೂ ಅವಳನ್ನು ಹತ್ತಿಯ ಬಂಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಕೇಳುತ್ತಿದ್ದಳು: "ಕೈ ಐತೇನ್ರಿ, ರಾಯ್ರೇ? ಕೈ ಐತೇನು?" ನಾನು ಐತವ್ವ ಐತವ್ವ ಎನ್ನುತ್ತಿದ್ದೆ. ಮಣಿಕಟ್ಟಿನ ಕೆಳಗೆ ಏನೂ ಇರಲಿಲ್ಲ.

ನಾಲ್ಕನೆಯ ದಿನ ನೋಡಲು ಹೋದೆ. ಅವಳ ಎಡಗೈಯ ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು. ಗಿರಣಿಯ ಜವಾನ ಬಂದು, ಇಂಗ್ಲಿಷಿನಲ್ಲಿ ಬರೆದ ಕಾಗದದ ಮೇಲೆ ಒತ್ತಿಸಿಕೊಂಡು, ಒಂದಿಷ್ಟು ದುಡ್ಡು ದಿಂಬಿನ ಕೆಳಗಿಟ್ಟು ಹೋಗಿದ್ದ. ಇನ್ನು ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದು ಆ ಕಾಗದದಲ್ಲಿದ್ದದ್ದು ನನಗೆ ಕಚೇರಿಯಲ್ಲಿ ತಿಳಿಯಿತು. ನಾನು ಮಾವನ ಬಳಿಗೆ ಹೋಗಿ, ಅವಳಿಗೆ ಕಾನೂನಿನಂತೆ ಕೊಡಬೇಕಾದ್ದನ್ನು ಕೊಡಬೇಕಲ್ಲವೇ ಎಂದೆ.

"ಯಾವ ಕಾನೂನು? ಆಕಿ ಆರು ಗಂಟೇಕ್ಕ ಹೊರಗ ಹೋಗ್ಯಾಳ. ನಿನ್ನ ಪುಸ್ತಕದಾಗಽ ಐತಿ. ಏಳು ಗಂಟೇಕ್ಕ ಕಳುವಿಲೆ ಒಳಗ ಬಂದು ಅರಳಿ ಕದಿಯಾಕ ಹೋಗಿ ಕೈ ಕೊಟ್ಟಾಳ. ಪೊಲೀಸ್ರಿಗೆ ಕೊಡ್ಲಿಲ್ಲ ಅಂತ ಪುಣ್ಯಾ ತಿಳಕೋ."

ನನ್ನ ಚೆಂದದ ಅಕ್ಷರ ಅವಳನ್ನು ಕಳ್ಳಿ ಮಾಡಿತ್ತು. ಅವಳು ಕೈ ಕಳೆದುಕೊಂಡ ಆ ಹೊತ್ತು ಪುಸ್ತಕದಲ್ಲಿ ಇರಲೇ ಇಲ್ಲ, ಇಲ್ಲದಂತೆ ಮಾಡಿದವನು ನಾನು. ಹೊಸ ತರುಣರಿಗೆ ಹೇಳುವ ಮಾತೊಂದಿದ್ದರೆ ಇದೇ: ಕಣ್ಣಾರೆ ಕಾಣದ್ದನ್ನು ಯಾರ ಮಾತಿಗೂ ಬರೆಯಬೇಡಿ. ಸುಮ್ಮನೆ ಬರೆದ ಒಂದು ಅಂಕಿ ಯಾರ ಕೊರಳಿಗೆ ಹೋಗಿ ಬೀಳುತ್ತದೋ ಬರೆಯುವಾಗ ಗೊತ್ತಾಗುವುದಿಲ್ಲ.

ಹುಲಿಗೆವ್ವನಿಗೆ ಈ ಮಾತನ್ನು ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡವೆನಿಸಿತು. ಅವಳು ಗೋಡೆಯ ಕಡೆ ಮುಖ ಮಾಡಿದಳು.

"ಕೈ ಹೋದದ್ದು ಹೋತ್ರಿ. ನಾಳೆ ನನ್ನ ಮಗಳನ್ನ ಕೊಡೂವಾಗ, ಕಳ್ಳೀ ಮಗಳು ಅಂತಾರಲ್ರೀ. ಅದಕ್ಕ ಏನ್ ಮಾಡ್ಲಿ?" ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಆರು ಅಂತ ಬರದೋರು ಯಾರ್ರೀ?"

"ನಾನಽ."

ಅವಳು ಬಯ್ಯಲಿಲ್ಲ. "ಹಂಗಾರ ಅಳಸೋರೂ ನೀವಽ," ಎಂದಳು.

ಹೊಸಪೇಟೆಯ ವಕೀಲರು ಯಾರೂ ಈ ಖಟ್ಲೆ ಮುಟ್ಟಲು ಒಪ್ಪಲಿಲ್ಲ. ಎಲ್ಲರಿಗೂ ಗಿರಣಿಯ ಒಂದಲ್ಲ ಒಂದು ಕೆಲಸ ಇತ್ತು. ಕಂಪ್ಲಿಯಲ್ಲಿ ಪಂಪಾಪತಿ ಎಂಬ ಹಳೆಯ ವಕೀಲರಿದ್ದಾರೆಂದು ಯಾರೋ ಹೇಳಿದರು. ಒಂದು ಭಾನುವಾರ ಹೋದೆ. ಮನೆಯ ಕಟ್ಟೆಯ ಮೇಲೆ ಕೂತಿದ್ದರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೋರ್ಟಿಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ನನ್ನ ಕಥೆಯನ್ನೆಲ್ಲ ಕೇಳಿ, ನಾನು ಸುಳ್ಳು ಬರೆದದ್ದನ್ನೂ ಕೇಳಿ, "ಒಳಗ ಮೂರನೇ ಕಪಾಟಿನ್ಯಾಗ ಕೆಂಪು ರಟ್ಟಿನ ಪುಸ್ತಕ ಐತಿ, ತಗೊಂಬಾ," ಎಂದರು.

ಅದು ಕೆಲಸಗಾರರ ಪರಿಹಾರ ಕಾಯಿದೆ.

"ನನಗ ಕಣ್ಣಿಲ್ಲ, ನಿನಗ ಬುದ್ಧಿ ಇಲ್ಲ. ನೀ ಓದು, ನಾ ತಿಳಿಸ್ತೀನಿ."

ಒಂದೊಂದೇ ಕಲಮು ಓದುತ್ತ ಹೋದೆ. ಕೆಲಸದ ದೆಸೆಯಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾಗಿದ್ದರೆ ಧಣಿ ಪರಿಹಾರ ಕೊಡಬೇಕು. ಸುದ್ದಿಯನ್ನು ಬೇಗ ತಿಳಿಸಬೇಕು, ಅರ್ಜಿಗೆ ಇಷ್ಟೇ ಕಾಲವೆಂಬ ಗಡುವು ಇದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಒಂದು ಕಡೆ ಕೈ ಎತ್ತಿದರು.

"ತಡಿ. ಆ ಕಲಮು ಮತ್ತೊಮ್ಮೆ ಓದು."

ಓದಿದೆ. ಕೆಲಸಗಾರ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಮಾಡಿಕೊಂಡ ಯಾವ ಒಪ್ಪಂದವೂ ನಡೆಯುವುದಿಲ್ಲ ಎಂದಿತ್ತು.

"ತಿಳೀತೇನು? ಆಕಿ ಹೆಬ್ಬೆಟ್ಟು ಒತ್ತಿದ ಕಾಗದಕ್ಕ ಕಿಮ್ಮತ್ತಽ ಇಲ್ಲ. ಇನ್ನೂ ಹತ್ತು ಕಾಗದಕ್ಕ ಒತ್ತಿಸಿಕೊಳ್ಳಲಿ. ಹಸಿದೋರು ಏನಕ್ಕ ಬೇಕಾದ್ರೂ ಒತ್ತತಾರ ಅಂತ ಕಾನೂನು ಬರದೋರಿಗೆ ಗೊತ್ತಿತ್ತು."

ನಾನು ಎದ್ದು ನಿಂತುಬಿಟ್ಟೆ. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಕಾಗದ ಅದು.

"ಕುಂದ್ರು. ಅದು ಸಣ್ಣದು," ಎಂದರು ಪಂಪಾಪತಿಯವರು. "ದೊಡ್ಡದು ನಿನ್ನ ಪುಸ್ತಕ. ಆಸ್ಪತ್ರಿಯೋರು ಏಳೂವರಿಗೆ ಬಂದ್ಲು ಅಂತ ಬರದಿರ್ತಾರ, ಖರೇ. ಕದಿಯಾಕ ಬಂದಿದ್ಲು ಅಂತಾರ ಇವರು. ಪುಸ್ತಕ ಸುಳ್ಳು ಅಂತ ಹೇಳೋನು ಒಬ್ಬ ಬೇಕು. ಹೇಳಿದೋನ ಕೆಲಸ ಹೋಗ್ತೈತಿ. ಅವನ ಮ್ಯಾಲೂ ಖಟ್ಲೆ ಹಾಕಬೌದು. ಮನ್ಯಾಗ ಕೇಳಿ ಬಾ."

ಮನೆಯಲ್ಲಿ ಕೇಳಿದೆ. ಸುಭದ್ರೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವಳಿಗೆ ತಂದೆ ಇರಲಿಲ್ಲ. ಸಾಕಿ, ಓದಿಸಿ, ಮದುವೆ ಮಾಡಿಕೊಟ್ಟವರು ಇದೇ ಮಾವ. ಅರ್ಜಿ ಹೋಯಿತು. ಮದ್ರಾಸಿನ ಪರಿಹಾರ ಕಮಿಷನರರ ಪರವಾಗಿ ಒಬ್ಬ ಅಧಿಕಾರಿ ಹೇಳಿಕೆ ಪಡೆಯಲು ಹೊಸಪೇಟೆಯ ಪ್ರವಾಸಿ ಬಂಗಲೆಗೆ ಬರುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಸಂಜೆ ಮಾವ ಮನೆಗೆ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ.

"ವಾದಿ, ನಾಳೆ ನೀ ಬಂಗಲೇದ ಕಡೆ ಬರಬ್ಯಾಡ. ಮಂತ್ರಾಲಯಕ್ಕ ಹೋಗಿ ಬಾ, ನಾ ಟಿಕೀಟ್ ತಗಸ್ತೀನಿ. ಬಂದ ಮ್ಯಾಲೆ ಹೆಡ್ ಗುಮಾಸ್ತ ನೀನಽ."

"ಆಕಿ ಕದ್ದಿಲ್ಲ ಅಂತ ನಿಮಗೂ ಗೊತ್ತೈತಿ, ಮಾಮಾ."

"ನನಗ ಭಾಳ ಗೊತ್ತಿರ್ತಾವ. ನಿನಗ ಅನ್ನ ಹಾಕಿದ್ದು ಯಾರು ಅಂತ ನಿನಗ ಗೊತ್ತಿರಬೇಕು."

ಬಾಗಿಲ ಹಿಂದಿನಿಂದ ಸುಭದ್ರೆ ಮುಂದೆ ಬಂದಳು. ಮಾವನ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಹೇಳಿದಳು: "ಮಾಮಾ, ನನ್ನ ಬಲಗೈ ಹೋಗಿದ್ರ ನೀವು ಯಾವ ಪುಸ್ತಕ ತಗೀತಿದ್ರಿ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಮರುದಿನ ಬೆಳಗ್ಗೆ ಸುಭದ್ರೆ ಪೆಟ್ಟಿಗೆಯಿಂದ ನನ್ನ ಮದುವೆಯ ಜರಿ ಅಂಚಿನ ಧೋತರ ತೆಗೆದು ಕೊಟ್ಟಳು. "ತಪ್ಪು ಒಪ್ಪಿಕೊಳ್ಳಾಕ ಹೊಂಟೀರಿ. ಹರಕು ಉಟ್ಕೊಂಡು ಹೋಗಬ್ಯಾಡ್ರಿ, ಹೆದರಿದೋರಂಗ ಕಾಣಸ್ತೀರಿ."

ಪ್ರವಾಸಿ ಬಂಗಲೆಯ ನಡುಕೋಣೆಯಲ್ಲಿ ಅಧಿಕಾರಿ ಕೂತಿದ್ದರು. ಗಿರಣಿಯ ಪರವಾಗಿ ಬಳ್ಳಾರಿಯಿಂದ ದೊಡ್ಡ ವಕೀಲರೊಬ್ಬರು ಬಂದಿದ್ದರು. ನಮ್ಮ ಕಡೆ ಪಂಪಾಪತಿಯವರು, ನನ್ನ ಭುಜ ಹಿಡಿದುಕೊಂಡೇ ಒಳಗೆ ಬಂದವರು. ಆಸ್ಪತ್ರೆಯ ಪುಸ್ತಕ ಓದಿಸಿದರು. ಗಿರಣಿಯ ವಕೀಲರು ನಕ್ಕು, ಹೊತ್ತಿನ ಬಗ್ಗೆ ನಮ್ಮದೇನೂ ತಕರಾರಿಲ್ಲ, ಆ ಹೊತ್ತಿನಲ್ಲಿ ಹೆಂಗಸಿಗೆ ಅಲ್ಲಿ ಕೆಲಸವೇ ಇರಲಿಲ್ಲ ಎನ್ನುವುದೇ ನಮ್ಮ ವಾದ ಎಂದು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಹುಲಿಗೆವ್ವ ಸೆರಗಿನೊಳಗೆ ಮೊಂಡುಗೈ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ನನ್ನನ್ನು ಕರೆದರು. ಪ್ರಮಾಣ ಮಾಡಿದೆ. "ಈ ಅಕ್ಷರ ನನ್ನದು. ಆರು ಗಂಟೆ ಅಂತ ಬರೆದದ್ದೆಲ್ಲ ಸುಳ್ಳು. ದಿನಾ ಏಳೂವರೆಯವರೆಗೆ ಎಲ್ಲರೂ ಒಳಗೇ ಇರುತ್ತಿದ್ದರು. ಆ ದಿನ ಇವಳೂ ಇದ್ದಳು. ಗಾಲಿಯ ಮುಚ್ಚಳಗಳು ಉಗ್ರಾಣದ ಹಿಂದೆ ಬಿದ್ದಿವೆ, ಇವತ್ತೂ ಇವೆ," ಎಂದೆ.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಈ ಹೇಳಿಕೆಯಿಂದ ನಿನ್ನ ಮೇಲೇ ಕ್ರಮ ಆಗಬಹುದು, ಗೊತ್ತಿದೆಯೇ ಎಂದರು. "ಗೊತ್ತೈತ್ರಿ. ಬರಕೊಳ್ರಿ," ಎಂದೆ.

ಗಿರಣಿಯ ವಕೀಲರು ಎದ್ದರು. "ನೀವು ಸುಳ್ಳು ಬರೆಯೋ ಮನುಷ್ಯ ಅಂತ ನೀವೇ ಹೇಳ್ತೀರಿ. ಈಗ ನಿಜ ಹೇಳ್ತಿದ್ದೀರಿ ಅಂತ ಹೇಗೆ ನಂಬೋದು?"

"ಆಗ ಸುಳ್ಳು ಬರದಿದ್ದಕ್ಕ ನನ್ನ ಕೆಲಸ ಉಳೀತ್ರಿ. ಈಗ ಹೇಳಿದ್ದಕ್ಕ ಹೋಗ್ತೈತಿ. ಯಾವ್ದು ನಿಜ ಅಂತ ನೀವಽ ನೋಡ್ರಿ."

ಬೇರೆ ಹೆಂಗಸರು ಸಾಕ್ಷಿಗೆ ಬರುತ್ತಾರೆಂದು ನಾನು ನಂಬಿರಲಿಲ್ಲ. ಬಂದವರು ಇಬ್ಬರು. ಒಬ್ಬಳು ಈರವ್ವ, ಇನ್ನೊಬ್ಬಳು ಈರವ್ವನ ಅತ್ತೆ. ಉಳಿದವರು ಬಂಗಲೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲದೆ, ಮನೆಗೆ ಹೋಗಲು ಮನಸ್ಸಿಲ್ಲದೆ. ಅವರನ್ನು ನಾನು ಎಂದೂ ಹಳಿಯಲಿಲ್ಲ. ಅಷ್ಟು ದೂರ ಬರುವುದಕ್ಕೇ ಒಂದು ದಿನದ ಕೂಲಿ ಬಿಟ್ಟಿದ್ದರು. ಈರವ್ವನನ್ನು ವಕೀಲರು, "ಮ್ಯಾನೇಜರರ ಮೇಲೆ ನಿನಗೆ ಸಿಟ್ಟಿದೆಯಲ್ಲವೇ?" ಎಂದು ಕೇಳಿದರು.

"ಐತ್ರಿ," ಎಂದಳು ಈರವ್ವ. "ಸಿಟ್ಟು ಇದ್ದೋರು ಸುಳ್ಳಽ ಹೇಳ್ತಾರೇನ್ರಿ?"

ಅಧಿಕಾರಿ ಆ ಮಧ್ಯಾಹ್ನವೇ ಗಿರಣಿಗೆ ನಡೆದು ಹೋಗಿ ಉಗ್ರಾಣದ ಹಿಂದಿನ ಮುಚ್ಚಳಗಳನ್ನು ನೋಡಿದರು. ತುಕ್ಕು ಹಿಡಿದಿದ್ದವು, ಮುಳ್ಳುಕಂಟಿ ಸುತ್ತಿಕೊಂಡಿತ್ತು. ಅವುಗಳನ್ನು ಅಡಗಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಮದ್ರಾಸಿನಿಂದ ತೀರ್ಪು ಬಂತು. ಹುಲಿಗೆವ್ವ ಕೆಲಸದ ಹೊತ್ತಿನಲ್ಲೇ ಕೈ ಕಳೆದುಕೊಂಡಳು, ಕದಿಯಲು ಬಂದವಳಲ್ಲ, ಗಿರಣಿ ಪರಿಹಾರ ಕೊಡಬೇಕು. ಮುಚ್ಚಳ ತೆಗೆಸಿದ್ದಕ್ಕೂ ಸುಳ್ಳು ಪುಸ್ತಕಕ್ಕೂ ಗಿರಣಿಯ ಮೇಲೆ ಬೇರೆ ಖಟ್ಲೆ ನಡೆದು ದಂಡ ಆಯಿತು. ನನಗೂ ಆಯಿತು. ಕಟ್ಟಿದೆ, ತಲೆ ತಗ್ಗಿಸದೆಯೇ ಕಟ್ಟಿದೆ. ತೀರ್ಪನ್ನು ಹುಲಿಗೆವ್ವನ ಮನೆಯ ಮುಂದೆ ಕನ್ನಡದಲ್ಲಿ ಓದಿ ಹೇಳಿದಾಗ ಅವಳು ದುಡ್ಡಿನ ಮಾತು ಎತ್ತಲಿಲ್ಲ. "ಕದ್ದಿಲ್ಲ ಅಂತ ಎಲ್ಲಿ ಬರದೈತಿ, ಅಷ್ಟ ಮತ್ತೊಮ್ಮಿ ಓದ್ರಿ. ಜೋರಾಗಿ ಓದ್ರಿ, ಆ ಮನಿಯೋರಿಗೂ ಕೇಳಸ್ಲಿ," ಎಂದಳು. ಮೂರು ಸಲ ಓದಿದೆ.

ಮುಂದಿನ ಸುಗ್ಗಿಯಲ್ಲಿ ಗಿರಣಿಯ ಬಾಗಿಲಿಗೆ ಕನ್ನಡದ ಹಾಳೆ ಬಂತು. ಅದು ತಾನಾಗಿ ಬಂದದ್ದಲ್ಲ. ಕನ್ನಡ ಹಾಳೆ ಹಾಕುವವರೆಗೂ ಒಳಗೆ ಕಾಲಿಡುವುದಿಲ್ಲ ಎಂದು ಈರವ್ವ ಮತ್ತು ಅವಳ ಸಂಗಡಿಗರು ಮೂರು ದಿನ ಬಾಗಿಲ ಮುಂದೆ ಕೂತರು. ಹತ್ತಿಯ ಬಂಡಿಗಳು ಮಲಪನಗುಡಿಯ ತನಕ ಸಾಲುಗಟ್ಟಿದವು. ಅವರಲ್ಲಿ ಒಬ್ಬಳಿಗೂ ಓದು ಬರುತ್ತಿರಲಿಲ್ಲ. ಅದನ್ನೇ ಹಿಡಿದು ಯಾರೋ ನಗಾಡಿದಾಗ ಈರವ್ವ, "ನಮ್ಮ ಮಕ್ಕಳು ಓದತಾರ. ನಿಮಗ್ಯಾಕ ಚಿಂತಿ?" ಎಂದಳಂತೆ.

ನನಗಂತೂ ಗಿರಣಿಯ ಕೆಲಸ ಹೋದ ಮೇಲೆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಧಣಿಯ ಗುಟ್ಟು ಹೊರಗೆ ಹಾಕಿದ ಗುಮಾಸ್ತನನ್ನು ಯಾವ ಅಂಗಡಿಯವನು ಇಟ್ಟುಕೊಂಡಾನು? ತಾಲ್ಲೂಕು ಕಚೇರಿಯ ಮುಂದಿನ ಮರದ ಕೆಳಗೆ ಚಾಪೆ ಹಾಸಿ ಅರ್ಜಿ ಬರೆಯತೊಡಗಿದೆ. ಕೂಲಿಕಾರರು ಹುಡುಕಿಕೊಂಡು ಬರುತ್ತಿದ್ದರು. ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಒಂದು ಖಟ್ಲೆ ಗೆದ್ದವನಿಗೆ ಎಲ್ಲವನ್ನೂ ಗೆಲ್ಲುತ್ತೇನೆ ಅನ್ನಿಸುತ್ತದೆ. ನನ್ನ ಎರಡನೆಯ ದೊಡ್ಡ ತಪ್ಪು ಅಲ್ಲಿಂದ ಬಂತು.

ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಅದಿರು ತುಂಬುವ ದುರುಗಪ್ಪ ಎಂಬವನನ್ನು ಅವನ ಅಣ್ಣ ಬಂಡಿಯಲ್ಲಿ ಕರೆತಂದ. ಹಳಿಯ ಮೇಲೆ ಅದಿರು ಸಾಗಿಸುವ, ಬ್ರೇಕಿಲ್ಲದ ಡಬ್ಬಿಯೊಂದು ಇಳಿಜಾರಿನಲ್ಲಿ ಉರುಳಿ ಅವನ ಎಡಪಾದವನ್ನು ಜಜ್ಜಿತ್ತು, ಕಾಲನ್ನು ಕತ್ತರಿಸಬೇಕಾಗಿತ್ತು. ಅವನನ್ನು ಕೆಲಸಕ್ಕೆ ಹಚ್ಚಿದ ಗುತ್ತೇದಾರ ಹೊಸಪೇಟೆಯವನೇ. "ಚಿಂತಿ ಬ್ಯಾಡ, ಇದು ಗೆದ್ದಂಗಽ," ಎಂದು ದುರುಗಪ್ಪನಿಗೆ ಮಾತು ಕೊಟ್ಟೆ. ಕಂಪ್ಲಿಗೆ ಹೋಗಿ ಪಂಪಾಪತಿಯವರನ್ನು ಕೇಳುವ ತಾಳ್ಮೆಯೂ ನನಗಿರಲಿಲ್ಲ. ಅರ್ಜಿ ಕಳಿಸಿದೆ.

ಉತ್ತರ ಎರಡೇ ಸಾಲು. ಅಪಘಾತವಾದ ಸ್ಥಳ ಸಂಡೂರು ಸಂಸ್ಥಾನದಲ್ಲಿದೆ. ಬ್ರಿಟಿಷ್ ಇಂಡಿಯಾದ ಈ ಕಾಯಿದೆ ಅಲ್ಲಿಗೆ ಅನ್ವಯಿಸುವುದಿಲ್ಲ.

ಸಂಡೂರು ರಾಜರ ಆಳ್ವಿಕೆಗೆ ಸೇರಿದ್ದೆಂದು ಹೊಸಪೇಟೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕಾನೂನಿಗೆ ಒಂದು ಗಡಿಕಲ್ಲು ಇರುತ್ತದೆ, ಅದರ ಆಚೆಯ ಕಾಲು ಕಾಲಲ್ಲ ಎನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಗುತ್ತೇದಾರ ಇಲ್ಲಿಯವನು, ಕೆಲಸಕ್ಕೆ ಹಚ್ಚಿಕೊಂಡದ್ದು ಇಲ್ಲಿ ಎಂದು ಮತ್ತೆ ಬರೆದೆ. ಮತ್ತೆ ಅದೇ ಉತ್ತರ. ಸಂಸ್ಥಾನದ ಕಚೇರಿಗೆ ಬರೆದೆ, ಉತ್ತರವೇ ಇಲ್ಲ. ಪತ್ರಿಕೆಗೆ ಬರೆದೆ, ಅಚ್ಚಾಗಲಿಲ್ಲ. ಕೊನೆಗೆ ಸಂಡೂರಿಗೆ ಹೋಗಿ ದುರುಗಪ್ಪನ ಮುಂದೆ ಕೂತು, "ಮಾತು ಕೊಟ್ಟಿದ್ದು ನನ್ನ ತಪ್ಪು," ಎಂದೆ. ಅವನ ಹೆಂಡತಿ ಕುಡಿಯಲು ನೀರು ತಂದಿಟ್ಟಳು. ಕುಡಿದು ಎದ್ದು ಬಂದೆ. ಮರದ ಕಾಲು ಕಟ್ಟಿಕೊಂಡು ಅವನು ಗುಡ್ಡದ ಬುಡದಲ್ಲಿ ಬೀಡಿ, ಬೆಲ್ಲದ ಸಣ್ಣ ಅಂಗಡಿ ಇಟ್ಟ.

ಯಾರಿಗೂ ಗೆಲ್ಲಿಸಿಕೊಡುತ್ತೇನೆಂದು ಆಮೇಲೆ ನಾನು ಹೇಳಿಲ್ಲ. ಹೋರಾಡುತ್ತೇನೆ ಎಂದಷ್ಟೇ ಹೇಳಿದ್ದೇನೆ.

ಸಂಸ್ಥಾನಗಳು ಹೋಗಿ ಸಂಡೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದಾಗ ಅಲ್ಲಿನ ಗಣಿ ಕೂಲಿಗಳಿಗೆ ಕಾನೂನು ತಿಳಿಸಲು ನನ್ನನ್ನು ಕರೆದರು. ಗುಡ್ಡದ ಬುಡದಲ್ಲಿ ಜನ ಸೇರಿದ್ದರು, ಎಲ್ಲರ ಮೈಮೇಲೂ ಅದಿರಿನ ಕಪ್ಪು. ನಾನು ಹುಲಿಗೆವ್ವನ ಕಥೆ ಹೇಳಿದೆ. ಕೇಳಿ ಖುಷಿಪಟ್ಟರು, ಕೈ ತಟ್ಟಿದರು. ಅಷ್ಟಕ್ಕೆ ಮುಗಿಸಿ ಕೂರಬೇಕೆಂದಿದ್ದೆ. ಹಿಂದಿನಿಂದ ಮರದ ಕಾಲಿನ ಸದ್ದಾಯಿತು. ದುರುಗಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ರಾಯ್ರೇ, ನನ್ನ ಸುದ್ದಿ ಹೇಳ್ಲೇ ಇಲ್ರಿ?"

"ಅದು ಸೋತದ್ದೈತಲ್ಲೋ, ದುರುಗಪ್ಪ."

"ಸೋತದ್ದಽ ಹೇಳ್ರಿ. ಎಷ್ಟು ಕಾಗದಾ ಬರದ್ವಿ, ಯಾರ್ಯಾರಿಗೆ ಬರದ್ವಿ, ಎಲ್ಲಾ ಹೇಳ್ರಿ. ಸೋತ್ವಿ ಅಂದ್ರ ನನಗೇನ್ ನಾಚಿಕಿ ಇಲ್ಲ. ಕಾಲು ಹೋದ್ರೂ ಸುಮ್ಕ ಕುಂತಿದ್ದ ಅಂತ ಇವರು ತಿಳಕೋಬಾರ್ದು."

ಹೇಳಿದೆ. ಒಂದನ್ನೂ ಬಿಡದೆ, ನನ್ನ ಸೊಕ್ಕನ್ನೂ ಸೇರಿಸಿ ಹೇಳಿದೆ. ಮುಗಿದಾಗ ಯಾರೂ ಕೈ ತಟ್ಟಲಿಲ್ಲ. ನಡುವಿನಿಂದ ಒಬ್ಬ ಎದ್ದ. ಎದ್ದವನು ಮೊದಲು, ಅಂಚಿನಲ್ಲಿ ನಿಂತು ಗಮನಿಸುತ್ತಿದ್ದ ಗಣಿಯ ಮೇಸ್ತ್ರಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ನಮ್ಮ ಮ್ಯಾಲಿನ ಗುಡ್ಡದಾಗ ಎರಡು ಡಬ್ಬಿ ಅದಾವ್ರಿ. ಬ್ರೇಕಿಲ್ಲ. ಹೇಳಿ ಹೇಳಿ ಸಾಕಾಗೈತಿ."

"ಅರ್ಜಿ ಬರಿಯೋಣು. ನಿನ್ನ ಹೆಸರೇನಪ್ಪಾ?"

ಮೇಸ್ತ್ರಿ ಕೆಮ್ಮಿದ. ಎದ್ದವನು ತಡವರಿಸಿದ. ಅವನ ಪಕ್ಕದಲ್ಲಿದ್ದ ಇನ್ನೊಬ್ಬ ಎದ್ದು ನಿಂತ, ಅವನ ಹಿಂದೆ ಮತ್ತೊಬ್ಬ. "ಎಲ್ಲಾರ್ದೂ ಬರಕೊಳ್ರಿ," ಎಂದ ಯಾರೋ. ದುರುಗಪ್ಪ ನನ್ನ ಪಕ್ಕದ ಕಲ್ಲಿನ ಮೇಲೆ ಕೂತು, ಮರದ ಕಾಲನ್ನು ಮುಂದೆ ಚಾಚಿ, ಒಬ್ಬೊಬ್ಬರ ಹೆಸರನ್ನೂ ಮೇಸ್ತ್ರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೂಗಿ ಹೇಳುತ್ತ ಹೋದ. ನಾನು ಬರೆಯುತ್ತ ಹೋದೆ.